ತಲೆಕೆಳಗಾದ ಆನೆ

ಭಾನುವಾರ ಸಂಜೆ 6-40ಕ್ಕೆ ಠಾಣೆಗೆ ದೂರು ಬಂತು. ದೂರು ತಂದವರ ಬೆನ್ನಿಗೆ ಒಂದು ದಂಡೇ ಬಂತು, ಅರ್ಧಕ್ಕರ್ಧ ಪತ್ರಕರ್ತರು. ಹೆಡ್ ಕಾನ್‌ಸ್ಟೆಬಲ್ ಬಾಗಿಲಿಗೆ ಅಡ್ಡ ನಿಂತು, "ದೂರು ಕೊಡೋರು ಒಳಗೆ, ನೋಡೋರು ಹೊರಗೆ" ಎಂದು ಗದರಿದ ಮೇಲೆ ಇಬ್ಬರು ಮಾತ್ರ ಒಳಗೆ ಬಂದರು.

ಒಬ್ಬ ಇಪ್ಪತ್ತೇಳರ ಯುವಕ. ಮೂರು ನಿಮಿಷದ ಚದುರಂಗದಲ್ಲಿ ಅವನಷ್ಟು ಬೇಗ ಕೈ ಓಡಿಸುವವರು ಯಾರೂ ಇಲ್ಲವೆಂದು ಎಲ್ಲರೂ ಅವನನ್ನು ಮಿಂಚು ಎಂದೇ ಕರೆಯುತ್ತಿದ್ದರು. ಇನ್ನೊಬ್ಬರು ಪಂದ್ಯಾವಳಿಯ ಮುಖ್ಯ ತೀರ್ಪುಗಾರ್ತಿ. ಆಕೆ ಅತ್ತಿದ್ದಂತೆ ಕಂಡಿತು.

ಇನ್‌ಸ್ಪೆಕ್ಟರ್ ಮೇಡಂ ಪೆನ್ನಿನ ಮುಚ್ಚಳ ತೆಗೆದರು.

"ಏನು ಕಳುವಾಗಿದೆ?"

"ರಾಣಿ."

ಹೆಡ್ ಕಾನ್‌ಸ್ಟೆಬಲ್ ಕೆಮ್ಮಿದರು.

"ಬಿಳಿ ರಾಣಿ. ಮರದ್ದು. ಇಷ್ಟುದ್ದ." ಮಿಂಚು ಎರಡು ಬೆರಳು ಅಗಲಿಸಿ ತೋರಿಸಿದ.

"ಒಂದು ಮರದ ಗೊಂಬೆಗೆ ಎಫ್‌ಐಆರ್ ಹಾಕಬೇಕೇನ್ರಿ?"

"ಆ ಗೊಂಬೆ ಅದರ ಜಾಗದಲ್ಲಿ ಇದ್ದಿದ್ರೆ ನಾನೀಗ ಚಾಂಪಿಯನ್ ಮೇಡಂ."

ನಡೆದದ್ದನ್ನು ತೀರ್ಪುಗಾರ್ತಿ ಬಿಡಿಸಿ ಹೇಳಿದರು. ಫೈನಲ್ ಎಂದರೆ ಐದು ಆಟ. ನಾಲ್ಕು ಮುಗಿದಾಗ ಇಬ್ಬರೂ ಸಮ. ಐದನೆಯದರಲ್ಲಿ ಮಿಂಚುವಿನ ಕಾಲಾಳು ಓಡಿ ಓಡಿ ಕೊನೆಯ ಮನೆ ಮುಟ್ಟಿತು. ಕೊನೆಯ ಮನೆ ಮುಟ್ಟಿದ ಕಾಲಾಳನ್ನು ತೆಗೆದು ರಾಣಿಯನ್ನು ಇಡಬಹುದು. ಅವನ ಮೊದಲ ರಾಣಿ ಇನ್ನೂ ಹಲಗೆಯ ಮೇಲೆಯೇ ಇತ್ತು, ಹಾಗಾಗಿ ಇನ್ನೊಂದು ಬೇಕು. ಅದಕ್ಕೆಂದೇ ಪ್ರತಿಯೊಬ್ಬ ಆಟಗಾರನ ಬಲಗಡೆ ಒಂದು ಹೆಚ್ಚುವರಿ ರಾಣಿ ನಿಲ್ಲಿಸಿರುತ್ತಾರೆ. ಮಿಂಚು ಕೈ ಚಾಚಿದಾಗ ಅಲ್ಲಿ ಏನೂ ಇರಲಿಲ್ಲ. ಉಳಿದದ್ದು ಒಂಬತ್ತು ಸೆಕೆಂಡು. ಎದುರಾಳಿ ಹೊಡೆದು ಪಕ್ಕಕ್ಕಿಟ್ಟಿದ್ದ ತನ್ನದೇ ಆನೆಯನ್ನು ಎತ್ತಿ, ತಲೆಕೆಳಗು ಮಾಡಿ ಇಟ್ಟು, "ರಾಣಿ" ಎಂದ. ಮರುನಡೆಯಲ್ಲಿ ಅದನ್ನು ಓರೆಯಾಗಿ ನಡೆಸಿದ.

"ಮನೇಲಿ ಆಡೋವಾಗ ಎಲ್ಲರೂ ಹಾಗೆ ಮಾಡ್ತಾರೆ. ಆದ್ರೆ ನಿಯಮದ ಪ್ರಕಾರ ಆನೆ ತಲೆಕೆಳಗಾದ್ರೂ ಆನೇನೇ. ಅದು ಓರೆ ಹೋಗೋ ಹಾಗಿಲ್ಲ. ನಾನು ನಡೆ ವಾಪಸ್ ತೆಗೆಸಿದೆ, ಎದುರಾಳಿಗೆ ಒಂದು ನಿಮಿಷ ಹೆಚ್ಚು ಕೊಟ್ಟೆ. ಆಮೇಲೆ ಮೂರೇ ನಡೆಗೆ ಇವರು ಸೋತ್ರು."

"ಅವನೇ ತೆಗೆದದ್ದು. ಬರ್ಕೊಳ್ಳಿ," ಎಂದ ಮಿಂಚು. ಅವನು ಎಂದರೆ ಎದುರಾಳಿ. ಯಾವ ಗಂಡಾಂತರದಲ್ಲೂ ಬಿಸಿಯಾಗದವನೆಂದು ಅವನಿಗೆ ತಣ್ಣೀರು ಎಂಬ ಅಡ್ಡಹೆಸರು.

ಮಿಂಚು ಮೇಲ್ಮನವಿ ಹಾಕಿದ್ದ. ಸಮಿತಿ ನಾಳೆ ಸಂಜೆ ನಾಲ್ಕಕ್ಕೆ ಕೂರುತ್ತದೆ. ರಾಣಿಯನ್ನು ತೆಗೆದವನು ತಣ್ಣೀರು ಎಂದಾದರೆ ಪಟ್ಟ ಮಿಂಚುವಿಗೆ. ಹೊರಗಿನವರು ತೆಗೆದಿದ್ದರೆ ಕೊನೆಯ ಆಟ ಮತ್ತೊಮ್ಮೆ.

"ನಿಮ್ಮ ಕಡೆಯವರೇ ಆಗಿದ್ರೆ?" ಇನ್‌ಸ್ಪೆಕ್ಟರ್ ಕೇಳಿದರು.

"ಫಲಿತಾಂಶ ಹಾಗೇ ನಿಲ್ಲುತ್ತೆ," ಎಂದರು ತೀರ್ಪುಗಾರ್ತಿ.

"ನಮ್ಮ ಕಡೆಯವರಿಗೆ ಹುಚ್ಚಾ?" ಎಂದ ಮಿಂಚು.

ಕಳವು ಮತ್ತು ವಂಚನೆ ಎಂದು ಎಫ್‌ಐಆರ್ ದಾಖಲಾಯಿತು.

ಏಳೂವರೆಗೆ ಸಭಾಂಗಣದಲ್ಲಿ ಪಂಚನಾಮೆ. ವೇದಿಕೆಯ ಮೇಲೆ ಒಂದೇ ಮೇಜು, ಹಸಿರು ಬಟ್ಟೆ, ಹಲಗೆ, ನಿಂತುಹೋದ ಗಡಿಯಾರ. ಕಪ್ಪು ಕಡೆಯ ಹೆಚ್ಚುವರಿ ರಾಣಿ ತನ್ನ ಜಾಗದಲ್ಲಿ ನೆಟ್ಟಗೆ ನಿಂತಿತ್ತು. ಬಿಳಿಯ ಜಾಗ ಖಾಲಿ. ಮೇಜಿನಡಿ, ಪರದೆಯ ಹಿಂದೆ, ಕಸದ ಬುಟ್ಟಿಯಲ್ಲಿ ಎಲ್ಲ ಹುಡುಕಿದ್ದಾಯಿತು, ಸಿಗಲಿಲ್ಲ. ಸಭಾಂಗಣದ ಎಲೆಕ್ಟ್ರಿಷಿಯನ್ ಮತ್ತು ಕಸ ಗುಡಿಸುವಾಕೆ ಪಂಚರಾಗಿ ಸಹಿ ಹಾಕಿದರು.

ಕಾಲಾಳು ರಾಣಿಯಾಗುವ ಸಂಗತಿ ಹೆಡ್ ಕಾನ್‌ಸ್ಟೆಬಲ್‌ಗೆ ಬಹಳ ಹಿಡಿಸಿಬಿಟ್ಟಿತ್ತು. "ಒಳ್ಳೇ ಇಲಾಖೆ ಮೇಡಂ ಇವರದ್ದು. ನಮ್ಮಲ್ಲಿ ಕಾಲಾಳು ಕೊನೇ ಮನೆ ಮುಟ್ಟಿದ್ರೆ ಒಂದು ಹಾರ ಹಾಕಿ ಮನೆಗೆ ಕಳಿಸ್ತಾರೆ." ಅವರ ನಿವೃತ್ತಿಗೆ ಇನ್ನು ನಾಲ್ಕೇ ತಿಂಗಳಿತ್ತು.

ತಣ್ಣೀರು ಮೊದಲ ಸಾಲಿನಲ್ಲಿ ಒಬ್ಬನೇ ಕೂತಿದ್ದ. ಕೇಳುವ ಮೊದಲೇ ಜೇಬು ಬರಿದು ಮಾಡಿ ಪಕ್ಕದ ಕುರ್ಚಿಯ ಮೇಲೆ ಇಟ್ಟಿದ್ದ. ಕರವಸ್ತ್ರ, ರೂಮಿನ ಕೀ, ಗಂಟಲಿನ ಮಾತ್ರೆ.

"ಆಟದ ಮಧ್ಯೆ ಬಿಡುವು ಇತ್ತಾ?"

"ನಾಲ್ಕನೇ ಆಟ ಆದ್ಮೇಲೆ ಹತ್ತು ನಿಮಿಷ."

"ಮೇಜಿನ ಹತ್ತಿರ ಹೋದ್ರಾ?"

"ಹೋದೆ. ಕನ್ನಡಕ ಮರೆತಿದ್ದೆ." ಅವನು ತಲೆ ತಗ್ಗಿಸಿದ. "ಸೋತಿದ್ರೆ ಸೋತೆ ಅಂತ ಮನೆಗೆ ಹೋಗ್ತಿದ್ದೆ ಮೇಡಂ. ಹನ್ನೊಂದು ವರ್ಷದಿಂದ ಹಾಗೇ ಹೋಗ್ತಿದ್ದೀನಿ. ಈ ಸಲ ಗೆದ್ದೆ, ಕಳ್ಳ ಅನ್ನಿಸಿಕೊಂಡೆ."

ಬಿಡುವಿನಲ್ಲಿ ಇನ್ಯಾರು ಮೇಜಿನ ಬಳಿ ಹೋಗಬಹುದು? ತೀರ್ಪುಗಾರ್ತಿ ಬೆರಳು ಮಡಚಿದರು. ತಾನು. ಇಬ್ಬರು ಆಟಗಾರರು. ಒಬ್ಬೊಬ್ಬರಿಗೆ ಒಬ್ಬ ಸಹಾಯಕ. ತಣ್ಣೀರಿನ ಸಹಾಯಕ ಜ್ವರ ಬಂದು ಮಲಗಿದ್ದ.

"ಮಿಂಚುಗೆ?"

"ಮಾವ. ನೀರಿನ ಬಾಟ್ಲಿ ಇಟ್ಟು ಹೋಗ್ತಾರೆ ಅಷ್ಟೆ."

ಅವರು ಮಿಂಚುವಿನ ಸೋದರಮಾವ. ಎಂಟನೇ ವಯಸ್ಸಿಗೆ ತಾಯಿಯನ್ನು ಕಳೆದುಕೊಂಡ ಅಳಿಯನನ್ನು ಮನೆಯಲ್ಲಿಟ್ಟುಕೊಂಡು ಸಾಕಿ, ಆಟ ಕಲಿಸಿದವರು. ಇವನಿಗೆ ಮಾವನಾದ ತಪ್ಪಿಗೆ ಚದುರಂಗದ ಲೋಕಕ್ಕೆಲ್ಲ ಮಾವ ಆಗಿದ್ದರು. ತಲೆನೋವೆಂದು ಆಗಲೇ ಮನೆಗೆ ಹೋಗಿದ್ದರಂತೆ.

"ಐದನೇ ಆಟಕ್ಕೆ ಮೊದಲು ರಾಣಿ ಇದೆಯಾ ಅಂತ ನೋಡಿದ್ರಾ?"

ತೀರ್ಪುಗಾರ್ತಿಯ ಕಣ್ಣು ಮತ್ತೆ ತುಂಬಿತು. "ಮೊದಲನೇ ಆಟಕ್ಕೆ ನೋಡಿದ್ದೆ. ಆಮೇಲೆ ನೋಡಲಿಲ್ಲ."

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಸಭಾಂಗಣದ ಸಿಸಿಟಿವಿ ದೃಶ್ಯ ಠಾಣೆಗೆ ಬಂತು. ಕ್ಯಾಮೆರಾ ಪ್ರೇಕ್ಷಕರ ಹಿಂಬದಿಯ ಗೋಡೆಯ ಮೇಲಿತ್ತು. ಬಿಡುವಿನಲ್ಲಿ ಮೇಜಿನ ಸುತ್ತ ಬರೀ ಬೆನ್ನುಗಳು, ಯಾರ ಕೈ ಏನು ಮಾಡಿತೆಂದು ಕಾಣದು. ಹೆಡ್ ಕಾನ್‌ಸ್ಟೆಬಲ್ ಮೂರು ಸಲ ನೋಡಿ, "ಆ ತಣ್ಣೀರೇ ಮೇಡಂ. ನಿಂತ ನೀರು ನಂಬಬಾರದು" ಎಂದರು.

ಇನ್‌ಸ್ಪೆಕ್ಟರ್ ಕೊನೆಯ ನಿಮಿಷವನ್ನು ಹಾಕಿಸಿದರು. ಮಿಂಚುವಿನ ಬಲಗೈ ನೋಡದೆಯೇ ಪಕ್ಕಕ್ಕೆ ಹೋಗುತ್ತದೆ, ಬರಿಗೈಯಲ್ಲಿ ಮರಳುತ್ತದೆ. ಮತ್ತೆ ಹೋಗುತ್ತದೆ. ಆನೆ ತಲೆಕೆಳಗಾಗಿ ಕೂರುತ್ತದೆ. ತೀರ್ಪುಗಾರ್ತಿ ಬರುತ್ತಾರೆ. ಆಟ ಮುಗಿಯುತ್ತದೆ, ಜನ ಎದ್ದು ನಿಲ್ಲುತ್ತಾರೆ. ಮಿಂಚು ಎದುರಾಳಿಯ ಕೈ ಕುಲುಕುವುದಿಲ್ಲ. ಕುರ್ಚಿಯಲ್ಲಿ ಪೂರಾ ಹಿಂದಕ್ಕೆ ತಿರುಗಿ ಮೊದಲ ಸಾಲನ್ನು ನೋಡುತ್ತಾನೆ.

"ನಿಲ್ಲಿಸ್ರಿ. ಏನು ನೋಡ್ತಿದ್ದಾನೆ?"

"ಖಾಲಿ ಕುರ್ಚಿ ಮೇಡಂ. ಮೂರನೇದು."

ಮೇಡಂ ಮಿಂಚುವಿಗೆ ಫೋನ್ ಮಾಡಿದರು.

"ಸೋತ ತಕ್ಷಣ ತಿರುಗಿ ಯಾರನ್ನು ನೋಡಿದ್ರಿ?"

"ಯಾರನ್ನೂ ಇಲ್ಲ."

"ಮೂರನೇ ಕುರ್ಚಿಯಲ್ಲಿ ಯಾರು ಕೂತಿದ್ರು?"

"ಮಾವ."

"ಎಲ್ಲಿಗೆ ಹೋಗಿದ್ರು?"

"ಗೊತ್ತಿಲ್ಲ. ಇರ್ತಾರೆ ಅಂದ್ಕೊಂಡಿದ್ದೆ. ಯಾವಾಗಲೂ ಇರ್ತಾರೆ."

ದೃಶ್ಯವನ್ನು ಹಿಂದಕ್ಕೆ ಓಡಿಸಿದರು. ಆನೆ ತಲೆಕೆಳಗಾದ ಗಳಿಗೆಯಲ್ಲಿ ಇಡೀ ಸಭಾಂಗಣ ಏನಾಗುತ್ತದೋ ಎಂದು ಮುಂದಕ್ಕೆ ಬಾಗಿದೆ. ಮೂರನೇ ಕುರ್ಚಿಯವರು ಮಾತ್ರ ಎರಡೂ ಕೈಯಿಂದ ತಲೆ ಹಿಡಿದುಕೊಂಡರು. ಆಮೇಲೆ ಎದ್ದು, ಜೇಬನ್ನು ಅದುಮಿ ಹಿಡಿದು ಹೊರನಡೆದರು. ತೀರ್ಪುಗಾರ್ತಿ ಆಗಿನ್ನೂ ಮೇಜನ್ನು ಮುಟ್ಟಿರಲಿಲ್ಲ.

"ತೀರ್ಪು ಬರೋದಕ್ಕೆ ಮೊದಲೇ ಎದ್ದು ಹೋಗೋರು ಯಾರು ಹೇಳಿ," ಎಂದರು ಇನ್‌ಸ್ಪೆಕ್ಟರ್.

"ಅಯ್ಯೋ, ದೀಪದ ಬುಡದಲ್ಲೇ ಕತ್ತಲೆ ಅಂತೀರಾ?" ಹೆಡ್ ಕಾನ್‌ಸ್ಟೆಬಲ್ ಟೋಪಿ ಎತ್ತಿಕೊಂಡರು.

ಮಾವನ ಮನೆ ಮೂರನೇ ಮಹಡಿಯಲ್ಲಿ. ಬಾಗಿಲು ತೆರೆದವರ ಕಣ್ಣು ಕೆಂಪಾಗಿತ್ತು, ಗಡ್ಡ ಬೋಳಿಸಿರಲಿಲ್ಲ. ಯಾಕೆ ಬಂದಿರಿ ಎಂದು ಕೇಳಲಿಲ್ಲ.

"ಬನ್ನಿ. ಚಹಾ ಮಾಡ್ಲಾ?"

"ಬೇಡ ಮಾವ," ಎಂದುಬಿಟ್ಟರು ಮೇಡಂ. ಊರೆಲ್ಲ ಕರೆಯುವ ಹೆಸರು ಅವರ ಬಾಯಿಗೂ ಬಂದಿತ್ತು.

ಕಿಟಕಿಯ ಪಕ್ಕ ಒಂದು ಮೇಜು, ಎರಡು ಕುರ್ಚಿ. ಒಂದು ಕುರ್ಚಿಯ ಮೇಲೆ ಹಲಗೆಯ ತುಂಡೊಂದನ್ನು ಮೊಳೆ ಹೊಡೆದು ಕೂರಿಸಿದ್ದರು, ಮಗುವಿಗೆ ಮೇಜು ಎಟುಕಲೆಂದು. ಕೂತವನು ಬೆಳೆದು ಆರಡಿಯಾಗಿ ಬೇರೆ ಮನೆ ಮಾಡಿ ಹೋದರೂ ಹಲಗೆ ಹಾಗೇ ಇತ್ತು. ಮೇಜಿನ ಮೇಲೆ ಸವೆದ ಪ್ಲಾಸ್ಟಿಕ್ ಕಾಯಿಗಳು, ನಿನ್ನೆಯ ಐದನೇ ಆಟದಲ್ಲಿ ಕಾಲಾಳು ಕೊನೆಯ ಮನೆ ಮುಟ್ಟಿದಾಗಿನ ಸ್ಥಿತಿಯಲ್ಲಿ. ತಲೆಕೆಳಗಾದ ಆನೆ ಕೂತಿದ್ದ ಮನೆಯಲ್ಲಿ ಮಾತ್ರ ಒಂದು ಮರದ ಬಿಳಿ ರಾಣಿ.

"ಇದು?"

"ಅದೇ. ಬಾಟ್ಲಿ ಇಡೋವಾಗ ತೆಗೆದೆ." ಮಾವ ಹಲಗೆಯಿಲ್ಲದ ಕುರ್ಚಿಯಲ್ಲಿ ಕೂತರು. "ನೋಡಿ, ಇದು ಇಲ್ಲಿದ್ದಿದ್ರೆ ಎರಡೇ ನಡೆ. ರಾತ್ರಿಯೆಲ್ಲ ಆಡಿ ನೋಡಿದೆ. ಪ್ರತೀ ಸಲ ಅವನೇ ಗೆಲ್ತಾನೆ."

"ಎದುರಾಳಿ ಏನಾದ್ರೂ ಕೊಟ್ಟಿದ್ನಾ?"

"ಬಿಡ್ತು ಅನ್ನಿ!"

"ಹಾಗಾದ್ರೆ ಅಳಿಯ ಸೋಲಲಿ ಅಂತಾನಾ?"

"ಸೋಲಲಿ ಅಂತ ಯಾವ ಮಾವ ಬಯಸ್ತಾನೆ ಮೇಡಂ? ಗಡಿಯಾರ ನಿಲ್ಲಲಿ ಅಂತ."

"ಅರ್ಥ ಆಗಲಿಲ್ಲ."

"ಕಾಯಿ ಇಲ್ಲದಿದ್ರೆ ಗಡಿಯಾರ ನಿಲ್ಲಿಸಿ ತೀರ್ಪುಗಾರರನ್ನ ಕರೀಬೇಕು. ಅದು ನಿಯಮ. ಒಂದು ಸೆಕೆಂಡೂ ನಷ್ಟ ಇಲ್ಲ. ಅವರು ಬೇರೆ ರಾಣಿ ತಂದುಕೊಡ್ತಾರೆ, ಇವನು ಗೆಲ್ತಾನೆ. ಅವನ ಆಟ ನಂಗೆ ಗೊತ್ತು, ಕಾಲಾಳು ಓಡಿಸದೆ ಇರಲ್ಲ. 'ರಾಣಿ ಇಲ್ವಾ, ನಿಲ್ಲಿಸು' ಅಂತ ಈ ಕುರ್ಚಿ ಮೇಲೆ ಕೂರಿಸಿ ನೂರು ಸಲ ಹೇಳಿಕೊಟ್ಟಿದ್ದೀನಿ. ಅದನ್ನ ಅವನು ಮರೆತಿರಬಹುದು ಅಂತ ನಂಗೆ ಹೊಳೀಲೇ ಇಲ್ಲ."

"ಗಡಿಯಾರ ನಿಂತ್ರೆ ನಿಮಗೇನು ಸಿಗ್ತಿತ್ತು?"

ಮಾವ ರಾಣಿಯನ್ನೇ ನೋಡುತ್ತಿದ್ದರು.

"ಚಿಕ್ಕವನಿದ್ದಾಗ ಗಡಿಯಾರ ನಿಂತ ತಕ್ಷಣ ತಿರುಗಿ ನನ್ನ ನೋಡೋನು. ಭಯಕ್ಕೆ. ನಾನು ಇಷ್ಟು ತಲೆ ಆಡಿಸಿದ್ರೆ ಸಾಕು, ಮುಖ ಅರಳೋದು. ದೊಡ್ಡವನಾದ್ಮೇಲೂ ನೋಡ್ತಿದ್ದ. ಈಗ ಎರಡು ವರ್ಷದಿಂದ ಕಂಪ್ಯೂಟರ್ ಇಟ್ಕೊಂಡಿರೋ ಮೂರು ಜನ ಹುಡುಗರು ಬಂದಿದ್ದಾರೆ. ಒಳ್ಳೆಯವರೇ. ನನಗೆ ಬಾಟ್ಲಿ ಕೆಲಸ. ಬಾಟ್ಲಿ ಇಟ್ರೆ ಥ್ಯಾಂಕ್ಸ್ ಅಂತಾನೆ, ತಲೆ ಎತ್ತದೆ. ಮಾವನಿಗೆ ಯಾರಾದ್ರೂ ಥ್ಯಾಂಕ್ಸ್ ಅಂತಾರಾ ಮೇಡಂ?"

ಹೆಡ್ ಕಾನ್‌ಸ್ಟೆಬಲ್ ಕಿಟಕಿಯ ಹೊರಗೆ ನೋಡತೊಡಗಿದರು.

"ಒಂದು ಸಲ ತಿರುಗಿ ನೋಡಲಿ ಅಂತ ಅನ್ನಿಸ್ತು. ಅಷ್ಟೇ. ಕೈ ತಾನಾಗೇ ಹೋಯ್ತು."

"ನಿನ್ನೆ ಸಂಜೇನೇ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಇವನ ಮೇಲ್ಮನವಿ ಬೀಳುತ್ತೆ. ಹೇಳದಿದ್ರೆ ಏನೂ ಅರಿಯದ ಆ ಇನ್ನೊಬ್ಬ ಕಳ್ಳ ಆಗ್ತಾನೆ. ಅತ್ತ ದರಿ ಇತ್ತ ಪುಲಿ. ನೀವು ಬರದಿದ್ರೆ ಮಧ್ಯಾಹ್ನ ನಾನೇ ಬರ್ತಿದ್ದೆ." ಸ್ವಲ್ಪ ತಡೆದು, "ಬರ್ತಿದ್ದೆ ಅನ್ಸುತ್ತೆ" ಎಂದರು.

11-20ಕ್ಕೆ ರಾಣಿಯನ್ನು ಜಪ್ತಿ ಮಾಡಿ, ಲಕೋಟೆಗೆ ಹಾಕಿ ಅರಗು ಒತ್ತಿದರು. 11-35ಕ್ಕೆ ಬಂಧನ. ಮೆಟ್ಟಿಲಿಳಿಯುವಾಗ ಹೆಡ್ ಕಾನ್‌ಸ್ಟೆಬಲ್ ಆರೋಪಿಯ ತೋಳು ಹಿಡಿದಿದ್ದರು. ನೋಡಿದವರಿಗೆ ಹಿರಿಯರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವಂತೆ ಕಾಣುತ್ತಿತ್ತು.

ಪೊಲೀಸರ ವರದಿ ತಲುಪಿದ ಮೇಲೆ ಸಮಿತಿ ನಾಲ್ಕರವರೆಗೆ ಕಾಯಲಿಲ್ಲ. ಮಿಂಚುವಿನ ಮೇಲ್ಮನವಿ ವಜಾ, ಪಟ್ಟ ತಣ್ಣೀರಿಗೆ. ಸುದ್ದಿ ಹೇಳಲು ಫೋನ್ ಮಾಡಿದಾಗ ತಣ್ಣೀರು ಮೊದಲು ನಿಟ್ಟುಸಿರು ಬಿಟ್ಟ, ಆಮೇಲೆ, "ಮಾವನಾ? ಪಾಪ, ಮಾವನ್ನ ಬಿಟ್ಟುಬಿಡಿ ಮೇಡಂ" ಎಂದ. ಮಿಂಚು ಮಾತ್ರ ಕೇಳಿದವನೇ ಫೋನ್ ಇಟ್ಟುಬಿಟ್ಟ.

ಠಾಣೆಯಲ್ಲಿ ಹೆಡ್ ಕಾನ್‌ಸ್ಟೆಬಲ್ ಕಾಗದಪತ್ರ ಸಿದ್ಧ ಮಾಡುತ್ತಿದ್ದರು. ಜಾಮೀನು ಕೊಡಲು ಒಬ್ಬರು ಬರಬೇಕಿತ್ತು.

"ಕೃತ್ಯದ ಉದ್ದೇಶ ಅಂತ ಏನು ಬರೀಲಿ ಮೇಡಂ?"

"ಲಾಭದ ಆಸೆಯಿಲ್ಲ. ದ್ವೇಷವಿಲ್ಲ. ಅಷ್ಟು ಬರೀರಿ."

"ಮತ್ತೆ ಇದ್ದದ್ದೇನು ಅಂತ ಕೋರ್ಟ್ ಕೇಳುತ್ತೆ."

"ಕೇಳಿದಾಗ ಹೇಳೋಣ."

ಬೆಂಚಿನ ಮೇಲೆ ಕೂತಿದ್ದ ಮಾವ ತಲೆ ಎತ್ತಿದರು. "ಅವನಿಗೆ ಗೊತ್ತಾಯ್ತಾ?"

"ಆಯ್ತು."

"ಬೈದ್ನಾ?"

ಮೇಡಂ ತಮ್ಮ ಮೊಬೈಲಿನಲ್ಲಿ ಸಭಾಂಗಣದ ದೃಶ್ಯವನ್ನು ಹುಡುಕಿ ತೆಗೆದು ಮಾವನ ಕೈಗೆ ಕೊಟ್ಟರು. "ನೀವು ಎದ್ದು ಹೋದ ಮೇಲಿನದು ಇದು. ನೋಡಿ."

ಚಿಕ್ಕ ಪರದೆಯ ಮೇಲೆ ಆಟ ಮುಗಿಯಿತು. ಜನ ಎದ್ದರು. ಮಿಂಚು ಕುರ್ಚಿಯಲ್ಲಿ ಹಿಂದಕ್ಕೆ ತಿರುಗಿದ. ಒಂದು ನಡೆಗೆ ಅರ್ಧ ಸೆಕೆಂಡೂ ಕೊಡದವನು ಖಾಲಿ ಕುರ್ಚಿಯನ್ನು ನೋಡುತ್ತಲೇ ಇದ್ದ, ಯಾರೋ ಬಂದು ಭುಜ ಮುಟ್ಟುವವರೆಗೂ.

"ಇದನ್ನ ಹಿಂದಕ್ಕೆ ಹೇಗೆ ಹಾಕೋದು?" ಎಂದು ಮಾವ ಕೇಳಿದರು. ಮೇಡಂ ತೋರಿಸಿಕೊಟ್ಟರು. ಮಾವ ಮತ್ತೆ ನೋಡಿದರು. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡು ಇನ್ನೊಮ್ಮೆ ನೋಡಿದರು. ಪರದೆಯ ಮೇಲಿನ ಮುಖಕ್ಕೆ, ಭಯವಿಲ್ಲ ಎನ್ನುವಂತೆ, ಇಷ್ಟೇ ಇಷ್ಟು ತಲೆ ಆಡಿಸಿದರು.

ಅಷ್ಟರಲ್ಲಿ ಠಾಣೆಯ ಬಾಗಿಲಲ್ಲಿ ಯಾರೋ ಬಂದು ನಿಂತರು. ಹೆಡ್ ಕಾನ್‌ಸ್ಟೆಬಲ್ ತಿರುಗಿ ನೋಡಿದರೆ ಮಿಂಚು, ಜಾಮೀನಿಗೆ ಬೇಕಾದ ಕಾಗದಗಳನ್ನು ಕೈಯಲ್ಲಿ ಹಿಡಿದುಕೊಂಡು. "ಮಾವ, ನೋಡಿ ಯಾರು..." ಎಂದು ಬಾಯಿ ತೆರೆದವರನ್ನು ಮೇಡಂ ಕಣ್ಣಲ್ಲೇ ತಡೆದರು.

ಮಾವ ಮೊಬೈಲಿನ ಮೇಲೆ ಬಾಗಿಯೇ ಇದ್ದರು. ಮಿಂಚು ಕರೆಯಲಿಲ್ಲ, ಅವಸರ ಮಾಡಲಿಲ್ಲ. ಬಾಗಿಲಲ್ಲೇ ನಿಂತು, ಅವರು ತಲೆ ಎತ್ತಲಿ ಎಂದು ಕಾದ.