ವರಲಕ್ಷ್ಮಮ್ಮನ ನಾನೂರು ಫೋಟೊಗಳು

ಕ್ಯಾಮೆರಾ ಇತ್ತು. ಒಳಗಿನ ಮೆಮೊರಿ ಕಾರ್ಡ್ ಇರಲಿಲ್ಲ.

ಪ್ರಮೋದಾ ಮತ್ತೊಮ್ಮೆ ಮುಚ್ಚಳ ತೆರೆದು ಬೆರಳಾಡಿಸಿದಳು. ಖಾಲಿ!

ಅವಳ ತಾಯಿ ವರಲಕ್ಷ್ಮಮ್ಮ ತೀರಿಕೊಂಡು ಒಂಬತ್ತು ದಿನವಾಗಿತ್ತು. ನಾಡಿದ್ದು ಹನ್ನೊಂದನೇ ದಿನದ ಕಾರ್ಯ. ಗೋಡೆಗೆ ಹಾಕಲು ಒಂದು ಫೋಟೊ ಬೇಕು; ಹಾಕುವಂಥ ಹಳೆಯ ಫೋಟೊ ಮನೆಯಲ್ಲಿ ಒಂದೂ ಇರಲಿಲ್ಲ. ಕಾಯಿಲೆಯ ಮೂರು ತಿಂಗಳು ಅಮ್ಮನನ್ನೇ ಎದುರಿಗಿಟ್ಟುಕೊಂಡು ಅವಳು ತೆಗೆದ ನಾನೂರು ಫೋಟೊಗಳೂ ಆ ಒಂದೇ ಕಾರ್ಡಿನಲ್ಲಿದ್ದವು.

ಮಧ್ಯಾಹ್ನ ಅಕ್ರಂ ಬೂದಿಗೆರೆಯ ಅವರ ಮನೆಗೆ ಬಂದರು. ದೇವನಹಳ್ಳಿಯಲ್ಲಿ ಇಪ್ಪತ್ತೆರಡು ವರ್ಷ ಸ್ಟುಡಿಯೊ ನಡೆಸಿದವರು. ಭಾನುವಾರಗಳಲ್ಲಿ ನಲ್ಲೂರಿನ ಹುಣಸೆತೋಪಿನಲ್ಲಿ ಹೊಸಬರಿಗೆ ಫೋಟೊ ತೆಗೆಯುವುದನ್ನು ಕಲಿಸುತ್ತಿದ್ದರು. ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದ ಪ್ರಮೋದಾ ಅಲ್ಲಿ ಅವರ ಶಿಷ್ಯೆ. ಈ ಹಳೆಯ ಕ್ಯಾಮೆರಾ ಕೊಡಿಸಿದ್ದೂ ಅವರೇ. ಹಿಂದಿನ ಪರದೆ ಕೆಟ್ಟಿತ್ತು. ತೆಗೆದ ಫೋಟೊ ನೋಡಬೇಕಾದರೂ ಮೇಲಿನ ಕಿಂಡಿಗೆ ಕಣ್ಣಿಡಬೇಕು.

"ಕೊನೇ ಸಲ ಇದನ್ನ ಹಿಡಿದಿದ್ದು ಯಾವಾಗ?"

"ಅಮ್ಮ ಹೋಗೋ ಹಿಂದಿನ ದಿನ ಸಾರ್. ಆಮೇಲೆ ಬೀರುವಿನಲ್ಲೇ ಇತ್ತು."

"ಫೋಟೊಗಳನ್ನ ಬೇರೆ ಕಡೆ ಹಾಕಿಟ್ಟಿಲ್ವಾ?"

"ಎಲ್ಲಾ ಒಟ್ಟಿಗೆ ಹಾಕೋಣ ಅಂತಿದ್ದೆ..."

"ಬೀರುವಿನ ಬೀಗದ ಕೈ?"

"ದೇವರ ಗೂಡಲ್ಲಿ. ಮನೆಯೋರಿಗೆಲ್ಲಾ ಗೊತ್ತು."

"ಇವತ್ತು ಆನ್ ಮಾಡಿದಾಗ ಏನು ಕಾಣಿಸ್ತು?"

"ಎಲ್ಲಾ ಮಬ್ಬು. ಅತ್ತೂ ಅತ್ತೂ ನನ್ನ ಕಣ್ಣೇ ಹಾಳಾಗಿದೆ ಅನ್ಕೊಂಡೆ."

ಅಕ್ರಂ ಕ್ಯಾಮೆರಾ ತಿರುಗಿಸಿ ನೋಡಿದರು. ಕಿಂಡಿಯ ಪಕ್ಕದಲ್ಲಿ ಅವರ ಬೆರಳು ಒಂದು ಕ್ಷಣ ನಿಂತಿತು.

ತಮ್ಮ ವಿಜಯ್ ಒಳಗಿನಿಂದ ಸಿಡುಕಿನಲ್ಲೇ ಬಂದ.

"ನಾನು ಜಗಳ ಆಡಿದ್ದು ನಿಜ ಸಾರ್. ಅಮ್ಮ ಅಲ್ಲಿ ನರಳ್ತಿದ್ರೆ, ಅಕ್ಕ ಬೆಳಕು ಯಾವ ಕಡೆಯಿಂದ ಬರ್ತಿದೆ ಅಂತ ನೋಡ್ತಾ ನಿಂತಿರೋಳು. ಹಾಗಂತ ಕದಿಯೋನಲ್ಲ ನಾನು."

"ಆಯ್ತಪ್ಪ. ಇದರಲ್ಲಿ ಒಂದ್ಸಲ ಕಣ್ಣಿಟ್ಟು ನೋಡು. ಏನು ಕಾಣುತ್ತೆ?"

"ಏನೂ ಸರಿಯಾಗಿ ಕಾಣಲ್ಲ. ಮಬ್ಬು."

ವಿಜಯನ ಹೆಂಡತಿ ಹರ್ಷಿತ ದಪ್ಪ ಕನ್ನಡಕದಲ್ಲೇ ನೋಡಿದಳು. ಮಬ್ಬು. ಕನ್ನಡಕ ತೆಗೆದು ನೋಡಿದಳು.

"ಅಯ್ಯೋ, ಇನ್ನೂ ಮಬ್ಬು ಸಾರ್."

ಜಗಲಿಯಲ್ಲಿ ಪ್ರಮೋದಾಳ ತಂದೆ ಆಂಜಿನಪ್ಪ ಕೂತಿದ್ದರು. ಅವರ ಕನ್ನಡಕ ಪಕ್ಕದಲ್ಲಿ ಪೇಪರಿನ ಮೇಲಿತ್ತು.

"ಯಜಮಾನ್ರೇ, ನೀವೂ ಒಂದ್ಸಲ ನೋಡ್ತೀರಾ?"

ಆಂಜಿನಪ್ಪ ಕಣ್ಣಿಟ್ಟರು.

"ಕಾಣ್ತೈತಲ್ಲ. ತುಳಸಿ ಎಲೆ ಎಲೆನೂ ಕಾಣ್ತೈತೆ—"

ಮಾತು ಅಲ್ಲೇ ನಿಂತಿತು. ಕ್ಯಾಮೆರಾ ನಿಧಾನವಾಗಿ ಮಡಿಲಿಗೆ ಇಳಿಯಿತು.

ಅಕ್ರಂ ಅವರ ಪಕ್ಕದಲ್ಲೇ ಕೂತರು.

"ಪ್ರಮೋದಾ, ನಿನ್ನ ಕಣ್ಣು ಹಾಳಾಗಿಲ್ಲಮ್ಮ. ಈ ಕಿಂಡಿಯ ಪಕ್ಕದಲ್ಲಿ ಒಂದು ಪುಟ್ಟ ಚಕ್ರ ಇದೆ. ನೋಡೋರ ದೃಷ್ಟಿಗೆ ತಕ್ಕ ಹಾಗೆ ತಿರುಗಿಸ್ಕೊಳ್ಳೋಕೆ. ಯಾರೋ ಅದನ್ನ ಒಂದೇ ಕಡೆಗೆ ಕೊನೇವರೆಗೂ ತಿರುಗಿಸಿದಾರೆ. ವಿಜಯ್ ಕಣ್ಣು ಚೆನ್ನಾಗಿದೆ, ಅವನಿಗೆ ತಿರುಗಿಸೋ ಅಗತ್ಯವೇ ಇಲ್ಲ. ಹರ್ಷಿತಗೆ ದೂರದ್ದು ಕಾಣಲ್ಲ. ಅವಳಾಗಿದ್ರೆ ಇದರ ಎದುರು ಕಡೆಗೆ ತಿರುಗಿಸ್ತಿದ್ದಳು. ಇದು ಹತ್ತಿರದ್ದು ಕಾಣದ, ವಯಸ್ಸಾದ ಕಣ್ಣು. ಇನ್ನೊಂದು ಮಾತು— ಕಾರ್ಡ್ ಕೀಳೋಕೆ ಕಣ್ಣಿಡಬೇಕಾಗಿಲ್ಲ. ಕೀಳೋ ಮುಂಚೆ ಕೂತು ಒಂದೊಂದು ಫೋಟೊನೂ ನೋಡಿದಾರೆ. ಯಜಮಾನ್ರೇ, ಅದು ನೀವೇ ಅಲ್ವಾ?"

"ಹೌದು."

"ಎಲ್ಲಪ್ಪಾ ಅದು? ಎಲ್ಲಿಟ್ಟಿದ್ದೀಯ?" ಪ್ರಮೋದಾ ಅಪ್ಪನ ಎದುರು ಬಂದು ಕೂತಳು.

"ಅಸ್ಥಿ ಮಡಕೇಲಿ ಹಾಕ್ಬಿಟ್ಟೆ. ಮೂರನೇ ದಿನ ಕಾವೇರಿಗೆ ಹೋಯ್ತು ಕಣಮ್ಮ."

ಆಂಜಿನಪ್ಪ ಕ್ಯಾಮೆರಾವನ್ನು ಅಕ್ರಂ ಕೈಗಿಟ್ಟರು.

"ಕೂದಲು ಉದುರಿದ ಮೇಲೆ ನಿಮ್ಮಮ್ಮ ಕನ್ನಡಿ ನೋಡಿರ್ಲಿಲ್ಲ. 'ಈ ಮುಖ ಗೋಡೆ ಮೇಲೆ ಬೇಡ' ಅಂತ ಕೈ ಹಿಡಿದು ಭಾಷೆ ತಗೊಂಡ್ಲು. ಒಂದ್ರಲ್ಲಾದ್ರೂ ಮೊದಲಿನ ಮುಖ ಐತೇನೋ, ಉಳಿಸ್ಕೊಳ್ಳೋಣ ಅಂತ ಎಲ್ಲಾ ನೋಡ್ದೆ. ಇರ್ಲಿಲ್ಲ. ಯಾವುದ್ರಲ್ಲಿ ನೋಡಿದ್ರೂ ಮುಖ ಮುಚ್ಕೊಳ್ಳೋಕೆ ಕೈ ಎತ್ತಿದ್ಲು."

ಅಕ್ರಂ ತಲೆ ತಗ್ಗಿಸಿದರು. ಹುಣಸೆತೋಪಿನಲ್ಲಿ ಅವರೇ ಹೇಳಿದ್ದರು— ಹೇಳಿ ತೆಗೆದರೆ ಮುಖ ಬಿಗಿಯುತ್ತೆ, ಗೊತ್ತಾಗದ ಹಾಗೆ ತೆಗೆಯಿರಿ. ಆ ಎತ್ತಿದ ಕೈಯ ಒಂದು ಫೋಟೊವನ್ನು ಕಿಂಡಿಯಲ್ಲಿ ನೋಡಿ, 'ಎಷ್ಟು ಸಹಜವಾಗಿದೆ' ಎಂದು ಎಲ್ಲರ ಮುಂದೆ ಹೊಗಳಿದ್ದೂ ಅವರೇ.

"ತಪ್ಪು ನನ್ನದೂ ಇದೆ," ಎಂದರು. "ಅವರನ್ನ ಕೇಳು ಅಂತ ಮಾತ್ರ ಹೇಳಿಕೊಡ್ಲಿಲ್ಲ."

"ಬೇಡ ಅಂತ ಅಮ್ಮ ನನಗೇ ಯಾಕೆ ಹೇಳ್ಲಿಲ್ಲ?"

ಆಂಜಿನಪ್ಪ ಮಗಳ ಕಡೆ ನೋಡಲಾರದೆ ಅಂಗಳ ನೋಡಿದರು.

"ನಾನು ಹೇಳ್ತೀನಿ ಅಂದೆ. ಬಿಡ್ಲಿಲ್ಲ. 'ಗಂಡ ಹೋದ್ಮೇಲೆ ನಮ್ ಮಗು ಇದೊಂದನ್ನ ಆಸೆಯಿಂದ ಕಲೀತೈತೆ. ನಾನಿರೋವರ್ಗೂ ನನ್ ಮುಖದ ಮೇಲೇ ಕಲೀಲಿ ಬಿಡಿ' ಅಂದ್ಲು."

ಪ್ರಮೋದಾ ಅಪ್ಪನ ಮೊಣಕಾಲಿಗೆ ಹಣೆಯಿಟ್ಟು ಅತ್ತಳು. ವಿಜಯ್ ಬಾಗಿಲಲ್ಲೇ ನಿಂತಿದ್ದವನು ಬಂದು ಅಕ್ಕನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ.

ಹನ್ನೊಂದನೇ ದಿನ ಗೋಡೆಗೆ ಫೋಟೊ ಹಾಕಲಿಲ್ಲ. ದೀಪ ಹಚ್ಚಿ, ಪಕ್ಕದಲ್ಲಿ ಹೂವಿಟ್ಟರು.

"ಮೂರು ತಿಂಗಳು ಕ್ಯಾಮೆರಾ ಹಿಡ್ಕೊಂಡು ಓಡಾಡ್ದೆ, ಒಂದು ಫೋಟೊನೂ ಇಲ್ವೇನಮ್ಮಾ?" ಊಟಕ್ಕೆ ಬಂದ ನೆಂಟರೊಬ್ಬರು ಕೇಳಿದರು.

ವಿಜಯ್ ಏನೋ ಹೇಳಲು ಬಾಯಿ ತೆರೆದ. ಪ್ರಮೋದಾ ಅವನನ್ನು ತಡೆದಳು.

"ಅಮ್ಮ ಬೇಡ ಅಂದಿದ್ಲು," ಎಂದಳು.