ಹಟ್ಟಿಯ ಹೊರಗೆ ಯಮುನಾ

ನಾಲ್ಕು ತಿಂಗಳ ಬಸುರಿ ಯಮುನಾಳಿಗೆ ರಕ್ತ ಹೋಗತೊಡಗಿತು. ಅತ್ತೆ ಕಾಟಮ್ಮ, ಸೊಸೆ ಹೊರಗಾದಳು ಎಂದು, ಅವಳನ್ನು ಮುಟ್ಟಾದವರನ್ನು ಇರಿಸುವ, ಹಟ್ಟಿಯಾಚೆಯ ಗುಡ್ಲಿಗೆ ಹಾಕಿದಳು. ಮೂರು ದಿನ ಯಾರೂ ಹತ್ತಿರ ಹೋಗಲಿಲ್ಲ.

ಹೊಳಲ್ಕೆರೆಯಲ್ಲಿ ಬೋರ್‌ವೆಲ್ ಲಾರಿ ಓಡಿಸುತ್ತಿದ್ದ ಗಂಡ ಪರಮೇಶ್ ಬಂದವನು ಗುಡ್ಲಿನೊಳಗೆ ಬಗ್ಗಿ ನೋಡಿದ; ಅವಳ ಸೀರೆಯೆಲ್ಲ ರಕ್ತ.

"ಯಮುನಾ! ಏನೇ ಇದು..."

"ಮುಟ್ಬ್ಯಾಡ, ಮೈಲಿಗೆ ಆದೀಯ!" ಎಂದಳು ಯಮುನಾ. "ನೀನೇ ಫೋನಿನಾಗೆ ಅಂದ್ಯಂತಲ್ಲ, ಪದ್ಧತಿ ಹೆಂಗೈತೋ ಹಂಗೆ ಮಾಡವ್ವ ಅಂತ?"

ಇಲ್ಲ ಅನ್ನಲಿ... ಒಂದೇ ಒಂದು ಸಲ ಇಲ್ಲ ಅನ್ನಲಿ!

"ಅಂದೆ," ಎಂದ ಪರಮೇಶ್.

ಅವಳು ಗೋಡೆಯ ಕಡೆ ತಿರುಗಿದಳು. ಅವನು ಹಾಗೇ ಎತ್ತಿಕೊಂಡು ಓಡಿದ.

ಚಿತ್ರದುರ್ಗದ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದ ಡಾಕ್ಟರ್ ಸುಪ್ರಿಯಾ ಮೆಲ್ಲಗೆ ಹೇಳಿದರು. "ಹೊಟ್ಟೇಲಿ ಎರಡು ಬಸಿರಿದೆಯಮ್ಮ. ಒಂದು ಮಗು. ಇನ್ನೊಂದು ಮಗುವಾಗಿ ಬೆಳೀಲೇ ಇಲ್ಲ, ದ್ರಾಕ್ಷಿ ಗೊಂಚಲಿನ ಥರ ಬರೀ ಗುಳ್ಳೆ. ರಕ್ತ ಹೋಗ್ತಿರೋದು ಅದರಿಂದ."

"ಮಗು...?"

"ಎದೆ ಬಡಿತ ಇದೆ. ಆದರೆ ನಿಮ್ಮ ಬಿಪಿ ಏರಿದೆ, ರಕ್ತ ನಿಲ್ತಿಲ್ಲ. ಎರಡನ್ನೂ ತೆಗೀದಿದ್ರೆ ನೀವು ಉಳಿಯಲ್ಲ."

"ಮೊದಲ್ನೇ ದಿನಾನೇ ಬಂದಿದ್ರೆ?"

"ಕೆಲವರಿಗೆ ಮಗು ಉಳಿದದ್ದುಂಟು..."

ಬಡಿಯುತ್ತಿದ್ದ ಎದೆಯನ್ನು ನಿಲ್ಲಿಸಲು ಯಮುನಾ ತಾನೇ ಒಪ್ಪಿಗೆ ಕೊಟ್ಟಳು.

ಎಚ್ಚರವಾದಾಗ ಪರಮೇಶ್ ಹಾಸಿಗೆಯ ಪಕ್ಕ ನೆಲದ ಮೇಲಿದ್ದ. "ಅವ್ವ ಹೇಳಿದ್ದು ಕೇಳ್ದೆ. ನೀನು ಹೆಂಗಿದೀಯ ಅಂತ ಕೇಳ್ಳೇ ಇಲ್ಲ ಕಣೆ ನಾನು! ನೀನಂದ್ರೆ ನಂಗೆ ಜೀವ... ಅದನ್ನೂ ಯಾವತ್ತೂ ಹೇಳಿಲ್ಲ."

"ಈಗ ಹೇಳಿ ಏನು ಬಂತು?" ಅಂದಳು ಅವಳು. ಅವನು ಹಿಡಿದಿದ್ದ ಕೈಯನ್ನು ಮಾತ್ರ ಹಿಂದೆಗೆಯಲಿಲ್ಲ.

ಗುಳ್ಳೆ ಮತ್ತೆ ಬೆಳೆದೀತು, ರಕ್ತ ಪರೀಕ್ಷೆಗೆ ತಪ್ಪದೆ ಬರಬೇಕು, ಒಂದು ವರ್ಷ ಬಸಿರಾಗಬಾರದು ಎಂದು ಹೇಳಿ ಡಾಕ್ಟರ್ ಮನೆಗೆ ಕಳಿಸಿದರು.

ಫೋನಿನಲ್ಲಿ ಸುದ್ದಿ ಕೇಳಿದ್ದ ಕಾಟಮ್ಮ ಹಟ್ಟಿಯ ಬಾಯಲ್ಲೇ ಅಡ್ಡ ನಿಂತಿದ್ದಳು. "ಬಂದ್ಲಪ್ಪ, ದ್ರಾಕ್ಷಿ ಹೆತ್ತೋಳು! ಸೂತಕ ಕಳಿಯಗಂಟ ಗುಡ್ಲಾಗಿರ್ಲಿ. ಲೇ ಪರಮೇಶಿ, ಅವಳನ್ನ ಅಲ್ಲಿ ಬಿಟ್ಟು, ತಲಿಮ್ಯಾಲೆ ನೀರು ಹಾಕ್ಕಂಡು ಒಳಗೆ ಬಾ."

ಯಮುನಾ ಗಂಡನ ಮುಖ ನೋಡಿದಳು. ಈ ಸಲವೂ ಹೂಂ ಅಂದುಬಿಟ್ಟರೆ...?

"ನನ್ ಹೆಂಡ್ತಿ ಮನೆಗೆ ಬರ್ತಾಳವ್ವ," ಎಂದ ಪರಮೇಶ್. ಅವಳತ್ತ ತಿರುಗಿ, "ನಡಿತೀಯಾ?"

"ನೋವೈತೆ. ಮೆಲ್ಲಗೆ ನಡಿ."

"ಎತ್ಕಳ್ಲಾ?"

"ಬ್ಯಾಡ. ನಾನೇ ನಡಿತೀನಿ... ನೀನು ಜೊತೆಗಿರು."

"ಅಲ್ಲೇ ನಿಲ್ರಿ!" ಕಾಟಮ್ಮ ಕಿರುಚಿದಳು.

"ನಿಲ್ಲಲ್ಲ ಅತ್ತೆ," ಎಂದಳು ಯಮುನಾ.