ಹತ್ತನೆಯ ವಾಕ್ಯ

ಚೀಟಿ ಸಿಕ್ಕದ್ದು ಮೂರನೆಯ ಬೆಂಚಿನ ಕೆಳಗೆ. ಪ್ರಶ್ನೆಪತ್ರಿಕೆ ಹಂಚಲು ಇನ್ನೂ ಐದು ನಿಮಿಷವಿತ್ತು.

ಎತ್ತಿಕೊಂಡವರು ಹೆಡ್‌ಮಾಸ್ತರ ರಾಚಯ್ಯನವರು. ನೀಲಿ ಕಾರ್ಬನ್ನಿನ ಅಕ್ಷರ. ಮೊದಲ ಸಾಲಿಗೇ ಅವರ ಮೀಸೆ ಕುಣಿಯಿತು.

‘ಪಂಢರೀನಾಥ ಮಾಸ್ತರ, ಬರ್ರಿ ಇಲ್ಲಿ. ಇದು ನಿಮ್ಮ ಇಂಗ್ಲಿಷ್ ಪೇಪರ್ ಹೌದಲ್ಲೋ?’

ಪಂಢರೀನಾಥ ಮಾಸ್ತರರು ಚೀಟಿಯನ್ನು ಅವರ ಕೈಯಿಂದ ಹೆಚ್ಚುಕಡಿಮೆ ಕಸಿದುಕೊಂಡರು. ‘ದಿ ಮ್ಯಾಂಗೋ ಮೇ ಬಿ ಸ್ವೀಟ್.’ ‘ದಿ ವೆಲ್ ಕುಡ್ ಬಿ ಡೀಪ್.’ ಮುಂದೆ ಓದಲಿಲ್ಲ. ಮಾವಿಗೆ ಸಿಹಿ ತುಂಬಿದವರೂ ಬಾವಿಗೆ ಆಳ ತೋಡಿದವರೂ ಅವರೇ. ಚೀಟಿಯನ್ನು ಮಡಚಿ ಕೋಟಿನ ಜೇಬಿಗೆ ಸೇರಿಸಿದರು.

ಮ್ಯಾಟ್ರಿಕ್ಕಿಗೆ ಯಾರು ಕೂಡಬೇಕು, ಯಾರು ಕೂಡಬಾರದು ಎಂದು ತೀರ್ಮಾನಿಸುವ ಪರೀಕ್ಷೆ ಅದು. ನಲವತ್ತು ಹುಡುಗರು ಲೇಖನಿ ಹಿಡಿದು ಬಾಯಿ ತೆರೆದು ಕೂತಿದ್ದರು.

‘ಸೈಕ್ಲೋಸ್ಟೈಲ್ ತಿರುವಿ ಪೇಪರ್ ತೆಗೆದವರು ಯಾರು?’ ಎಂದರು ಪಂಢರೀನಾಥರು.

‘ನಾನರೀ ಸರ್,’ ಎಂದ ಬಾಗಿಲಲ್ಲಿದ್ದ ಸಿಪಾಯಿ ಖಾಸಿಂಸಾಬ.

‘ಕೈ ತೋರಿಸು.’

ಬೆರಳುಗಳಿಗೆ ಕಪ್ಪು ಮಸಿ.

‘ನೋಡ್ರಿ! ಪೇಪರ್ ಇವನ ಕೈಯಾಗಿತ್ತು, ಮಸಿ ಇವನ ಕೈಯಾಗ ಅದ. ಇವನೇ. ಮಸ್ಟ್ ಬಿ!’

‘ಮಷಿನ್ ತಿರುವಿದ್ರ ಮಸಿ ಹತ್ತತೈತ್ರಿ ಸರ್. ಇಪ್ಪತ್ತು ವರ್ಷ ಆತು, ಒಂದ ಹಾಳಿ ಹೊರಗ...’

‘ಕಳ್ಳರೆಲ್ಲಾ ಹಿಂಗ ಅಂತಾರ!’

ನಲವತ್ತು ಜೋಡಿ ಕಿವಿ ಕೇಳಿಸಿಕೊಂಡವು. ಖಾಸಿಂಸಾಬ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುವುದನ್ನೂ ಮರೆತ.

ಪರೀಕ್ಷೆ ನಿಂತಿತು. ‘ನೀವ ರಿಪೋರ್ಟ್ ಬರೀರಿ ಮಾಸ್ತರ,’ ಎಂದರು ರಾಚಯ್ಯನವರು. ‘ಚೀಟಿ ಹೆಂಗೈತಿ ಹಂಗ ಇಳಿಸ್ರಿ. ನಾಳಿ ಮುಂಜಾನೆ ಬಾಗಲಕೋಟಿಗೆ ಹೋಗಲಿ. ಅಂವನ ನೌಕರಿ ಇಡೂದೋ ಬಿಡೂದೋ ಮ್ಯಾಲಿನವರ ನೋಡ್ಲಿ.’

* * *

ಹುನಗುಂದದಲ್ಲಿ ನ್ಯಾಯ ಹೇಳುವವು ಎರಡು: ಒಂದು ತಾಲೂಕು ಕೋರ್ಟು, ಇನ್ನೊಂದು ಪಂಢರೀನಾಥರ ಕರಿ ಕೋಟು. ತೀರ್ಪು ಬೇಗ ಬರುತ್ತಿದ್ದುದು ಎರಡನೆಯದರಿಂದ. ಗೆಳೆಯರ ಕಳೆದ ಛತ್ರಿ, ನೆರೆಯವರ ಕದ್ದ ಕೊಡ, ಎಲ್ಲವನ್ನೂ ಪತ್ತೆ ಮಾಡಿದ ಹೆಮ್ಮೆ ಅವರಿಗಿತ್ತು. ತರಗತಿಯಲ್ಲಿ ಮಾತ್ರ ಬೇರೆ ಪಾಠ: ‘ಇಟ್ ಮೇ ಬಿ ಟ್ರೂ, ಖರೆ ಇರಬಹುದು. ಇಟ್ ಮಸ್ಟ್ ಬಿ ಟ್ರೂ, ಖರೆ ಇರಲೇಬೇಕು. ಇದರಿಂದ ಅದಕ್ಕ ಜಿಗೀಬ್ಯಾಡ್ರಿ, ಕಾಲು ಮುರೀತದ. ನಡುವ ಪುರಾವೆ ಅನ್ನೋ ಪಾವಟಿಗಿ ಅದ, ಅದನ್ನ ಹತ್ತಿ ಹೋಗ್ರಿ.’

ಮಧ್ಯಾಹ್ನ ಮನೆಯಲ್ಲಿ ಕೂತು ರಿಪೋರ್ಟಿಗೆ ಚೀಟಿಯನ್ನು ಇಳಿಸತೊಡಗಿದರು. ಒಂದು, ಎರಡು, ಮೂರು... ಒಂಬತ್ತು. ಹತ್ತನೆಯದಕ್ಕೆ ಲೇಖನಿ ನಿಂತಿತು.

‘ದಿ ಹೆಡ್‌ಮಾಸ್ಟರ್ ಮೇ ಬಿ ಆ್ಯಂಗ್ರಿ.’

ಮತ್ತೊಮ್ಮೆ ಓದಿದರು.

ಹೋದ ಗುರುವಾರ ಅವರು ಬರೆದದ್ದು ಹತ್ತು ವಾಕ್ಯ. ಶುಕ್ರವಾರ ಮುಂಜಾನೆ ರಾಚಯ್ಯನವರು ಅದನ್ನು ಓದಿ, ‘ಹೆಡ್‌ಮಾಸ್ತರಿಗೆ ಸಿಟ್ಟು ಬಂದಿರಬಹುದು? ಬಹುದು ಏನ್ ಬಂತ್ರಿ, ಈಗ ಬಂದೈತಿ!’ ಎಂದು ಕೆಂಪು ಪೆನ್ಸಿಲ್ಲಿನಿಂದ ಹೊಡೆದುಹಾಕಿದ್ದರು. ಅವರೆದುರೇ ಪಂಢರೀನಾಥರು ಸ್ಟೆನ್ಸಿಲ್ ಕೊರೆದರು: ಒಂಬತ್ತೇ ವಾಕ್ಯ. ಕೈಬರಹದ ಹಾಳೆಯನ್ನು ಹೆಡ್‌ಮಾಸ್ತರರೇ ಕಡ್ಡಿ ಗೀರಿ ಸುಟ್ಟರು. ಖಾಸಿಂಸಾಬನನ್ನು ಕರೆದದ್ದು ಆಮೇಲೆ.

ಹತ್ತನೆಯ ವಾಕ್ಯವನ್ನು ಖಾಸಿಂಸಾಬ ಕಂಡೇ ಇರಲಿಲ್ಲ.

ಚೀಟಿಯ ನೀಲಿ ಕಾರ್ಬನ್ನು, ಸಿಪಾಯಿಯ ಬೆರಳಿನ ಕಪ್ಪು ಮಸಿ. ಎರಡೂ ಕಣ್ಣೆದುರಿಗೇ ಇದ್ದವು. ನೋಡಲಿಲ್ಲ.

ಕದ್ದವನು ಗುರುವಾರವೇ ಕದ್ದಿರಬೇಕು. ಅಂದು ಹಾಳೆ ಶಾಲೆಯ ಕಪಾಟಿನಲ್ಲಿರಬೇಕಿತ್ತು. ತಿದ್ದುವ ಆಸೆಗೆ ಪಂಢರೀನಾಥರು ಕೋಟಿನ ಒಳಜೇಬಿನಲ್ಲಿ ಮನೆಗೆ ತಂದಿದ್ದರು. ಕೋಟನ್ನು ಬಿಟ್ಟದ್ದು ಊಟದ ಅರ್ಧ ತಾಸು ಮಾತ್ರ. ಪಡಸಾಲೆಯ ಗೂಟಕ್ಕೆ ಸಿಕ್ಕಿಸಿ, ಮಡಿ ಉಟ್ಟು ಒಳಗೆ ಹೋಗಿದ್ದರು. ಬಜಾರೆಲ್ಲ ತಿರುಗಿ ಬಂದ ಮೈಲಿಗೆಯ ಕೋಟು. ಊಟದ ಹೊತ್ತಿನಲ್ಲಿ ಆ ಮನೆಯಲ್ಲಿ ಅದನ್ನು ಮುಟ್ಟುವವರಿಲ್ಲ. ಕೀಲಿ ಮುರಿಯಬಹುದು, ತಾಯಿ ಜಾನಕಿಬಾಯಿಯ ಮಡಿ ಮುರಿಯುವ ಗಂಡು ಹುಟ್ಟಿಲ್ಲ ಎಂಬುದು ಅವರ ನಂಬಿಕೆ.

ಹೆಂಡತಿ ಕುಮುದಿನಿಯನ್ನು ಕೂಗಿ ಎಲ್ಲ ಹೇಳಿದರು. ಕೊನೆಗೆ, ‘ಗುರುವಾರ ಊಟದ ಹೊತ್ತಿಗೆ ನನ್ನ ಕೋಟು ನೀ ಮುಟ್ಟಿದ್ದೇನು?’ ಎಂದರು.

‘ಮಡೀಲೆ ಬಡಸಾಕಿ ನಾ. ಅತ್ತಿಯವರು ನಿಮ್ಮೆದುರಿಗೇ ಕೂತಿದ್ರು. ಅದನ್ನ ಮುಟ್ಟಿ ಮತ್ತ ತಣ್ಣೀರು ಸುರಕೊಳ್ಳಿಕ್ಕೆ ಯಾರಿಗೆ ಹುಚ್ಚು ಹಿಡದದ?’

‘ಹಂಗಾರ ಅವತ್ತು ಮಡಿ ಉಡದವರು ಯಾರು?’

ಕುಮುದಿನಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

‘ಪ್ರಹ್ಲಾದ,’ ಎಂದಳು. ‘ಅವತ್ತು ಊರಿಂದ ಬಂದಿದ್ದನಲ್ಲ. ಹೊಟ್ಟಿ ಸರಿ ಇಲ್ಲ, ಊಟ ಒಲ್ಲೆ ಅಂತ ಪಡಸಾಲ್ಯಾಗ ಒಬ್ಬನ ಕೂತಿದ್ದ.’

ಪ್ರಹ್ಲಾದ ಅವಳ ಒಡಹುಟ್ಟಿದ ತಮ್ಮ. ಇಳಕಲ್ಲಿನಲ್ಲಿ ಇಂಗ್ಲಿಷ್ ಕ್ಲಾಸು ನಡೆಸುತ್ತಿದ್ದ; ಪಂಢರೀನಾಥರ ಶಾಲೆಯ ಹುಡುಗರೂ ಅಲ್ಲಿಗೆ ಹೋಗುತ್ತಿದ್ದರು.

‘ಅಂವ ಇರಬಹುದು, ಅಷ್ಟ,’ ಎಂದರು ಪಂಢರೀನಾಥರು. ‘ಗಡಬಡಿಸಿ ಹೇಳಬಾರದು.’

‘ಮುಂಜಾನೆ ಎಲ್ಲಿ ಹೋಗಿತ್ತು ಈ ಶಾಣ್ಯಾತನ?’ ಎಂದಳು ಕುಮುದಿನಿ. ‘ನನ್ನ ತಮ್ಮ ಅಂದ್ರ ‘ಇರಬಹುದು’. ಖಾಸಿಂಸಾಬ ಅಂದ್ರ ‘ಹೌದೇ ಹೌದು’. ಏಳ್ರಿ. ಇಳಕಲ್ ಬಸ್ ತಪ್ಪತದ.’

* * *

ಪ್ರಹ್ಲಾದನ ಕ್ಲಾಸು ಸೀರೆ ಅಂಗಡಿಯ ಅಟ್ಟದ ಮೇಲೆ. ಪಕ್ಕದ ಮನೆಯ ಮಗ್ಗದ ಸದ್ದಿಗೆ ಕಿಟಕಿ ಅದುರುತ್ತಿತ್ತು. ಚಾಪೆ ದೊಡ್ಡದು, ಕೂಡುವವರು ಆರೇ ಜನ. ಈಗ ಯಾರೂ ಇರಲಿಲ್ಲ.

‘ಬರ್ರಿ ಭಾವಾ! ಏನು ಇಷ್ಟು ದೂರ?’

‘ಪೇಪರ್ ಬೈಲಾಗ್ಯದ ಪ್ರಹ್ಲಾದ. ಹಾಲ್‌ನಾಗ ಚೀಟಿ ಸಿಕ್ತು. ಸಿಪಾಯಿ ಖಾಸಿಂಸಾಬನ ಮ್ಯಾಲೆ ಅನುಮಾನ.’

ಪ್ರಹ್ಲಾದನ ಹೆಗಲು ಇಳಿಯಿತು. ಉಸಿರು ಬಂತು. ನಾಲಿಗೆಯೂ ಬಂತು.

‘ಅಯ್ಯ, ಸಿಪಾಯಿಗಳನ್ನ ನಂಬಬಾರದ್ರಿ. ಹೆಡ್‌ಮಾಸ್ತರಿಗೆ ಸಿಟ್ಟು ಬಂದಿರಬಹುದು ಅಂತ ನೀವ ಪೇಪರಿನಾಗ ಬರದೀರಿ. ರಾಚಯ್ಯನವರಿಗೆ ಈಗ ಖರೇನ ಬಂದಿರಬೇಕಲ್ಲ?’ ಎಂದು ನಕ್ಕ.

ಪಂಢರೀನಾಥರು ನಗಲಿಲ್ಲ.

‘ಆ ವಾಕ್ಯ ಪೇಪರಿನಾಗ ಇಲ್ಲಪಾ. ಶುಕ್ರವಾರ ಹೊಡದು ಹಾಕಿದ್ರು. ಅದು ಇದ್ದದ್ದು ನನ್ನ ಜೇಬಿನಾಗ, ಗುರುವಾರ ಒಂದ ದಿನ. ಮತ್ತ ಆ ಚೀಟಿಯೊಳಗ. ಶಾಲ್ಯಾಗ ಚೀಟಿ ಪೂರಾ ಓದಿದವ ನಾ ಒಬ್ಬನ. ನೀ ಎಲ್ಲಿ ಓದಿದಿ?’

ಪಕ್ಕದ ಮಗ್ಗ ನಿಂತಿತು. ಪ್ರಹ್ಲಾದನ ನಗು ಅದಕ್ಕೂ ಮೊದಲೇ ನಿಂತಿತ್ತು.

‘ಆರ ಮಂದಿ ಉಳದಾರ ಭಾವಾ,’ ಎಂದ ಕಡೆಗೆ. ‘ಇವರೂ ನಪಾಸಾದ್ರ ಕ್ಲಾಸು ಮುಚ್ಚೂದ. ಬಾಯಿಪಾಠ ಮಾಡಿ ಹರದ ಒಗೀರಿ ಅಂದಿದ್ದೆ. ಯಾವಂವ ಒಳಗ ಒಯ್ದನೋ.’ ಆಮೇಲೆ ದನಿ ತಗ್ಗಿಸಿ, ‘ಅಕ್ಕಗ ಹೇಳಬ್ಯಾಡ್ರಿ.’

‘ಆಕಿನ ಕಳಿಸ್ಯಾಳ. ಹಾಳಿ ತಗೋ, ಹೆಡ್‌ಮಾಸ್ತರಿಗೆ ಬರಕೊಡು.’

ಪ್ರಹ್ಲಾದ ಬರೆದುಕೊಟ್ಟ. ಕಳ್ಳ ಸಿಕ್ಕಿದ್ದ. ಬಸ್ಸಿನಲ್ಲಿ ಪಂಢರೀನಾಥರು ಮಾತ್ರ ತಾವೇ ಸಿಕ್ಕಿಬಿದ್ದವರಂತೆ ತಲೆ ತಗ್ಗಿಸಿ ಕೂತಿದ್ದರು.

* * *

ಖಾಸಿಂಸಾಬನ ಮನೆ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಹೊಸ್ತಿಲಲ್ಲಿ ಅವನ ಹೆಂಡತಿ ಕಾಸಿಂಬಿ ನಿಂತಿದ್ದಳು.

‘ಮತ್ತೇನ್ ಕಳುವಾತ್ರಿ ಮಾಸ್ತರ?’

ಮಾಸ್ತರರು ತಲೆ ಎತ್ತಲಿಲ್ಲ. ಒಳಗಿನಿಂದ ಬಂದ ಖಾಸಿಂಸಾಬನಿಗೆ, ‘ತಪ್ಪಾತು ಖಾಸಿಂಸಾಬ್ರ. ಕಳ್ಳ ಸಿಕ್ಕ. ನನ್ನ ಮನಿಯವನ,’ ಎಂದರು.

ಖಾಸಿಂಸಾಬ ಖಾಲಿ ಓಣಿಯ ಎರಡೂ ಕಡೆ ನೋಡಿದ.

‘ನೀವು ಕಳ್ಳ ಅಂದಿದ್ದು ನಲವತ್ತು ಹುಡುಗರ ಮುಂದ್ರಿ ಸರ್. ಅಲ್ಲ ಅನ್ನಾಕ ಬಂದಿದ್ದು ನಮ್ಮ ಬಾಗಲಿಗೆ, ಯಾರೂ ಇಲ್ಲದಾಗ.’

ಅಷ್ಟೇ. ಒಳಗೆ ಹೋದ.

* * *

ಮರುದಿನ ಪ್ರಾರ್ಥನೆ ಮುಗಿದ ಮೇಲೆ ಪಂಢರೀನಾಥರು ಕಟ್ಟೆ ಹತ್ತಿದರು. ಪ್ರಹ್ಲಾದನ ಬರಹ ಆಗಲೇ ಹೆಡ್‌ಮಾಸ್ತರರ ಕೈಯಲ್ಲಿತ್ತು. ಹತ್ತು ವಾಕ್ಯದ ಕಥೆ, ಕೋಟಿನ ಕಥೆ, ನೀಲಿ ಕಪ್ಪಿನ ಕಥೆ, ಒಂದನ್ನೂ ಬಿಡದೆ ಹೇಳಿದರು. ಕೊನೆಗೆ:

‘ಪೇಪರ್ ಕದ್ದವ ನನ್ನ ಹೆಂಡತಿಯ ತಮ್ಮ. ಕದಿಯೂ ಹಂಗ ಇಟ್ಟವ ನಾ. ಖಾಸಿಂಸಾಬ್ರು ಕಳ್ಳರಲ್ಲ. ‘ಇರಬಹುದು’ ಅಂತ ಅನ್ನಲಿಕ್ಕೂ ನನ್ನ ಹತ್ರ ಪುರಾವೆ ಇರಲಿಲ್ಲ. ನಾ ‘ಇರಲೇಬೇಕು’ ಅಂದೆ. ನಿಮಗ ಕಲಿಸಿದ್ದನ್ನ ನಾ ಕಲಿತಿರಲಿಲ್ಲ.’

ಹಿಂದಿನ ಸಾಲಿನಲ್ಲಿ ಯಾವನೋ ಕಿಸಕ್ಕೆಂದ. ಯಾರೂ ಅವನನ್ನು ಗದರಿಸಲಿಲ್ಲ.

ಮಧ್ಯಾಹ್ನದೊಳಗೆ ಶಾಲೆಯಲ್ಲೇ ಕೂತು ಹೊಸ ಪೇಪರ್ ಬರೆದು, ಸ್ಟೆನ್ಸಿಲ್ ಕೊರೆದು, ಹೆಡ್‌ಮಾಸ್ತರರ ಕೋಣೆಗೆ ತಂದರು. ರಾಚಯ್ಯನವರು ತರಗತಿಗೆ ಹೋಗಿದ್ದರು. ಸೈಕ್ಲೋಸ್ಟೈಲಿನ ಪಕ್ಕ ಖಾಸಿಂಸಾಬ ಒಬ್ಬನೇ ನಿಂತಿದ್ದ.

‘ತಗೋರಿ,’ ಎಂದು ಪಂಢರೀನಾಥರು ಸ್ಟೆನ್ಸಿಲ್ ಚಾಚಿದರು.

ಖಾಸಿಂಸಾಬ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

‘ಟೇಬಲ್ ಮ್ಯಾಲೆ ಇಡ್ರಿ ಸರ್. ಹೆಡ್‌ಮಾಸ್ತರ ಬರಲಿ. ಅವರ ಎದುರಿಗೆ ತಗೋತೇನಿ.’

ಪಂಢರೀನಾಥರು ಇಟ್ಟರು. ಟೇಬಲ್ಲಿನ ಆಚೆ ಒಬ್ಬರು, ಈಚೆ ಒಬ್ಬರು, ಹೆಡ್‌ಮಾಸ್ತರರ ದಾರಿ ಕಾಯುತ್ತ ನಿಂತರು.